ಚಿಕ್ಕಮ್ಮನ ಆಸ್ಪತ್ರೆ ಚೀಟಿ

ಐವತ್ತೊಂದಕ್ಕೆ ಮುಟ್ಟು ನಿಂತ ಮೇಲೆ, ಪಾಠ ಮಾಡುತ್ತಿರುವಾಗಲೇ ಮೈಗೆ ಬೆಂಕಿ ಹತ್ತಿದಂತಾಗುತ್ತಿತ್ತು. ನಿದ್ದೆ ಇರಲಿಲ್ಲ. ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುವವರ ಮನೆಯಿಂದ ಮೊದಲು ಡಿಗ್ರಿ ಮಾಡಿದವಳು ನಾನು. ಹಟ ಹಿಡಿದು ಗಳಿಸಿದ ಮೇಷ್ಟರ ಕೆಲಸವನ್ನೇ ಬಿಟ್ಟುಬಿಡೋಣ ಅನ್ನಿಸಿಬಿಟ್ಟಿತ್ತು.

ಬಸವನಗುಡಿಯ ಡಾಕ್ಟರು ಹಾರ್ಮೋನು ಚಿಕಿತ್ಸೆಯ ವಿಷಯ ಬಿಡಿಸಿ ಹೇಳಿದರು. ಉರಿ, ಬೆವರು ತಗ್ಗುತ್ತವೆ, ಮೂಳೆಗೂ ಒಳ್ಳೆಯದು. ಆದರೆ ಕೆಲವರಿಗೆ ರಕ್ತ ಹೆಪ್ಪುಗಟ್ಟಬಹುದು, ವರ್ಷಗಟ್ಟಲೆ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ.

"ಮನೇಲಿ ಯಾರಿಗಾದ್ರೂ ಅದು ಆಗಿತ್ತಾ?"

ಇಲ್ಲ ಅನ್ನಲು ಹೋದವಳು ತಡೆದೆ. ಅಮ್ಮನ ತಂಗಿ ನಲವತ್ತಕ್ಕೇ ತೀರಿಕೊಂಡಿದ್ದಳು. ಏನಾಗಿತ್ತೆಂದು ಕೇಳಿದರೆ 'ಹೊಟ್ಟೆನೋವು' ಎನ್ನುತ್ತಿದ್ದರು. ನಮ್ಮಲ್ಲಿ ಹೆಂಗಸರ ಕಾಯಿಲೆಯೆಲ್ಲ ಹೊಟ್ಟೆನೋವೇ.

"ಕೇಳ್ಕೊಂಡು ಬನ್ನಿ, ಆಮೇಲೆ ಔಷಧಿ ಬರೀತೀನಿ," ಎಂದರು.

ನಾವೀಗ ಇರುವ ಶಂಕರಪುರದ ಮನೆಗೆ ಬಂದಾಗ ಅಮ್ಮ ಅವರೆಕಾಳು ಹಿತುಕುತ್ತಿದ್ದಳು.

"ಅಮ್ಮಾ, ಚಿಕ್ಕಮ್ಮಂಗೆ ಎದೇಲಿ ಗಡ್ಡೆ ಇತ್ತಾ? ನಿಜ ಹೇಳು, ನನ್ನ ಔಷಧಿ ಅದರ ಮೇಲೆ ನಿಂತಿದೆ."

ಅಮ್ಮ ಎದ್ದುಹೋಗಿ ಟ್ರಂಕಿನ ತಳದಿಂದ, ರೇಷ್ಮೆ ಸೀರೆಯ ಮಡಿಕೆಯೊಳಗಿದ್ದ ಇಂಗ್ಲಿಷ್ ಚೀಟಿಯೊಂದನ್ನು ತಂದುಕೊಟ್ಟಳು.

"ಮನೆಗೆ ಬಂದ ಕಾಗದ ಎಲ್ಲಾ ನನ್ನ ಕೈಲೇ ಓದಿಸ್ತಿದ್ದೆ. ಇದನ್ನ ಮಾತ್ರ ಯಾಕಮ್ಮ ಬಚ್ಚಿಟ್ಟೆ?"

"ಓದೋಳು ನೀನೊಬ್ಳೇ ಅಲ್ವೇನೇ, ಅದಕ್ಕೇ! ನೀನು ಓದಿ ಬಾಯ್ಬಿಟ್ಟಿದ್ರೆ ನಿಮ್ಮ ಅಕ್ಕತಂಗೀರ ಮದುವೆಗಳು ಆಗ್ತಿದ್ವಾ?"

ಕನ್ನಡಕ ಹಾಕಿಕೊಂಡು ಓದಿದೆ. ಗರ್ಭಕೋಶದ ಕೊರಳಿನ ಕ್ಯಾನ್ಸರು, ಸ್ತನದ್ದಲ್ಲ. ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು. ನನ್ನ ಜಡೆ ಹೆಣೆದು ಕಾಲೇಜಿಗೆ ಕಳಿಸುತ್ತಿದ್ದವಳು ಚಿಕ್ಕಮ್ಮ.

ಡಾಕ್ಟರು ಚೀಟಿ ನೋಡಿ, ಬಿಪಿ ಅಳೆದು, ಮ್ಯಾಮೊಗ್ರಾಂ ಮಾಡಿಸಿ, ತೋಳಿಗೆ ಹಚ್ಚುವ ಜೆಲ್ಲನ್ನೂ ಗರ್ಭಕೋಶದ ರಕ್ಷಣೆಗೊಂದು ಗುಳಿಗೆಯನ್ನೂ ಬರೆದರು. ಮುಂದುವರಿಸಬೇಕೋ ಬೇಡವೋ ಎಂದು ಪ್ರತಿವರ್ಷ ಕೂತು ಯೋಚಿಸೋಣ ಎಂದರು. ಎರಡು ತಿಂಗಳಲ್ಲಿ ನಿದ್ದೆ ಬಂತು. ಕೆಲಸ ಬಿಡುವ ಮಾತೂ ಹೋಯಿತು.

ಬೆಳಿಗ್ಗೆ ಜೆಲ್ ಹಚ್ಚಿಕೊಳ್ಳುವಾಗ ಅಮ್ಮ ಪಕ್ಕದಲ್ಲೇ ನಿಲ್ಲುತ್ತಾಳೆ.

"ನಂಗೂ ಒಂಚೂರು ಹಚ್ಚೇ."

"ಎಪ್ಪತ್ತೆಂಟಕ್ಕೆ ಶುರು ಮಾಡಿದ್ರೆ ಡಾಕ್ಟರು ಇಬ್ರಿಗೂ ಬೈತಾರೆ. ನಿಂಗೂ ಹಿಂಗೇ ಉರೀತಿತ್ತೇನಮ್ಮ?"

"ಉರೀದೆ ಇರುತ್ತಾ? ಸೊಪ್ಪಿಗೆ ನೀರು ಚಿಮುಕಿಸೋ ನೆಪದಲ್ಲಿ ಮುಖಕ್ಕೂ ಚಿಮುಕಿಸ್ಕೊಳ್ತಿದ್ದೆ. ಗಿರಾಕಿಗಳಿಗೇನು ಗೊತ್ತು," ಎಂದು ನಕ್ಕಳು.