ಅಂಗಳದಲ್ಲಿ ಬರೆದ ಕೀಬೋರ್ಡ್

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಭದ್ರಾವತಿಯಲ್ಲಿ ಲಾರಿಗೆ ಲೋಡ್ ಮಾಡುತ್ತಿದ್ದರು. ನಾನು ದಿನಾ ಸಂಜೆ ಕಾಲೇಜು ಮುಗಿಸಿಕೊಂಡು ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ, ಆ ಸಂಬಳದಲ್ಲೇ ಕಂಪ್ಯೂಟರ್ ಕಲಿತೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಗದನಗರದ ಹತ್ತಿರದ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಅದನ್ನು ಕಲಿಸುವ ಕೆಲಸ ಟೀಚರಾಗಿದ್ದ ನನ್ನ ಪಾಲಿಗೆ ಬಿತ್ತು. ಐದನೇ ತರಗತಿಗೆ ವಾರಕ್ಕೊಂದು ಪೀರಿಯಡ್. ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಮೂರು ತಿಂಗಳಾದರೂ ಮಕ್ಕಳು ಒಂದಕ್ಷರ ಒತ್ತಿರಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ, ಮಕ್ಕಳಿಗೆ ಬಳಸಲು ಬಾರದಿದ್ದರೆ ಕಂಪ್ಯೂಟರ್ ಬೇರೆ ಶಾಲೆಗೆ ಹೋಗುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಇನ್ನೊಂದು ಕಾಲು ಊರಿದರೆ ಔಟ್. ತಾನು ಗೆದ್ದ ಮನೆಯಲ್ಲಿ ಮಾತ್ರ ಎರಡೂ ಊರಬಹುದು. ನೋಡುತ್ತಾ ನಿಂತಿದ್ದ ನಾನು ಮರುದಿನ ಸೀಮೆಸುಣ್ಣ ಹಿಡಿದು, ಕೀಬೋರ್ಡಿನ ಅಕ್ಷರಗಳನ್ನು ಅದೇ ಸಾಲಿನಲ್ಲಿ ಅಂಗಳದ ಸಿಮೆಂಟಿನ ಮೇಲೆ ಬರೆದೆ. ಅಕ್ಷರದಿಂದ ಅಕ್ಷರಕ್ಕೆ ಕುಂಟುತ್ತಾ ಹೋಗಿ ಇಂಗ್ಲಿಷಿನಲ್ಲಿ ಅವರವರ ಹೆಸರು ಮುಗಿಸಬೇಕು.

"ಏನ್ ಮಾರಾಯ್ತಿ, ಸರ್ಕಾರ ಕಂಪ್ಯೂಟರ್ ಕೊಟ್ರೆ ನೀನು ಮಕ್ಕಳನ್ನ ಕುಂಟಿಸ್ತಾ ಕೂತಿದ್ದೀಯಲ್ಲ," ಎಂದು ಹೆಡ್ ಮೇಡಂ ಛೇಡಿಸಿದರು. ಆದರೆ ಗೆರೆ ಅಳಿಸಿದಾಗಲೆಲ್ಲ ಹೊಸ ಸೀಮೆಸುಣ್ಣದ ಡಬ್ಬಿ ತೆಗೆದುಕೊಟ್ಟವರೂ ಅವರೇ.

ಸಾಹೇಬರು ಬಂದ ದಿನ, ಪುಣ್ಯಕ್ಕೆ, ಕರೆಂಟ್ ಇತ್ತು. ನಾನು ಕರೆದದ್ದು ಹಿಂದಿನ ಸಾಲಿನ ಹುಡುಗಿಯನ್ನು. ತರಗತಿಯಲ್ಲಿ ಬಾಯಿಬಿಡದವಳು, ಅಂಗಳದಲ್ಲಿ ಮಾತ್ರ ಅವಳನ್ನು ಸೋಲಿಸಿದವರಿರಲಿಲ್ಲ. ಒಂದೇ ಬೆರಳು ಚಾಚಿ, ಉಳಿದವನ್ನೆಲ್ಲ ಮಡಚಿಕೊಂಡು ತನ್ನ ಹೆಸರು ಒತ್ತಲು ಶುರು ಮಾಡಿದಳು. ಬೆರಳು ಕುಂಟುತ್ತಾ ಹೋಯಿತು, ಎಲ್ಲೂ ತಡಕಾಡಲಿಲ್ಲ. ಸಾಹೇಬರು ನಗುತ್ತಾ, ಹೆಸರಿನ ಮೊದಲ ಅಕ್ಷರ ದೊಡ್ಡದಿರಬೇಕಲ್ಲ ಎಂದರು. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅಕ್ಷರ ಒತ್ತು ಎಂದು ತೋರಿಸಿದೆ. ಎಡಗೈ ಎತ್ತಿದವಳು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು.

"ಮಿಸ್, ಎರಡೂ ಊರಿದ್ರೆ ಔಟ್ ಅಲ್ವಾ?"

"ಅದು ನೀನು ಗೆದ್ದಿರೋ ಮನೆ ಕಣೇ. ಊರು."

ಊರಿದಳು. ಹೆಸರು ದೊಡ್ಡಕ್ಷರದಿಂದ ಶುರುವಾಯಿತು.

ಕಂಪ್ಯೂಟರ್ ನಮ್ಮಲ್ಲೇ ಉಳಿಯಿತು. ಕರೆಂಟ್ ಹೋಗುವುದೂ ತಪ್ಪಲಿಲ್ಲ. ಮುಂದಿನ ವಾರ ಹೆಡ್ ಮೇಡಂ ಅಂಗಳದ ಗೆರೆಗಳಿಗೆ ಬಿಳಿ ಪೇಂಟ್ ಹೊಡೆಸಿದರು. ಆ ಸಲ ಶಿಫ್ಟ್‌ಗೂ ಒಂದು ಮನೆ ಬರೆಸಿದೆ, ಎರಡು ಕಾಲು ಹಿಡಿಸುವಷ್ಟು ಅಗಲಕ್ಕೆ.