ಬಿದಿಗೆಯ ದಿನ ಹಚ್ಚಿದ ರೇಡಾರ್

ಎಂಬತ್ತರ ದಶಕದ ಮಾತು. ಸಿದ್ದಾಪುರದ ಹತ್ತಿರ, ಗದ್ದೆಗಳ ನಡುವಿನ ದಿಬ್ಬದ ಮೇಲೆ ನಮ್ಮದೊಂದು ರೇಡಾರ್ ಕೇಂದ್ರವಿತ್ತು. ಮೋಡಕ್ಕಿಂತ ಎಷ್ಟೋ ಮೇಲಿನ ಗಾಳಿ ಯಾವ ಕಡೆ ಹರಿಯುತ್ತದೆಂದು ನೋಡುವುದು ಅದರ ಕೆಲಸ. ಅದನ್ನು ನಡೆಸುವುದು ನನ್ನ ಕೆಲಸ. ಅದೇ ಸೀಮೆಯ ಕುಷ್ಟಗಿಯವನಾದ ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ವರ್ಷಕ್ಕೆ ಕೆಲವು ಸಲ ಪ್ರಪಂಚದ ಇಂಥ ಕೇಂದ್ರಗಳೆಲ್ಲ ಒಂದೇ ಹೊತ್ತಿಗೆ ಆಕಾಶ ನೋಡಬೇಕು. ಒಬ್ಬರು ತಪ್ಪಿಸಿದರೆ ನಕ್ಷೆಯಲ್ಲಿ ಅಷ್ಟು ಜಾಗ ಖಾಲಿ. ಆ ಸಲ ನಮ್ಮನ್ನೂ ಮೊದಲ ಬಾರಿಗೆ ಸೇರಿಸಿಕೊಂಡಿದ್ದರು. ಸರಿಯಾಗಿ ಮಾಡಿದರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಬೇರೆಡೆಗೆ ಹೋಗುತ್ತದೆ ಎಂದು ಮೇಲಿನವರು ಹೇಳಿಯೇ ಬಿಟ್ಟಿದ್ದರು. ಬೆಳದಿಂಗಳಿದ್ದರೆ ಬೇರೆ ದೇಶದವರ ಕ್ಯಾಮೆರಾಗಳಿಗೆ ತೊಂದರೆಯೆಂದು ಅಮಾವಾಸ್ಯೆಯನ್ನೂ ಮರುದಿನದ ಪಾಡ್ಯವನ್ನೂ ಗೊತ್ತುಮಾಡಿದ್ದರು.

ನನಗಿದ್ದ ಭಯ ಊರಿನ ಅಕ್ಕಿ ಗಿರಣಿಯದು. ಅದು ಶುರುವಾದರೆ ವೋಲ್ಟೇಜ್ ಕುಸಿದು ರೇಡಾರ್ ನಿಂತುಬಿಡುತ್ತಿತ್ತು. ಸುಗ್ಗಿ ಬೇರೆ, ಭತ್ತದ ಚಕ್ಕಡಿಗಳು ರಸ್ತೆಯವರೆಗೂ ನಿಂತಿದ್ದವು. ಅಳುಕುತ್ತಲೇ ಹೋಗಿ ಗಿರಣಿ ಸಾಹುಕಾರರನ್ನು ಕೇಳಿದೆ.

“ಅಮಾಸಿಗೆ ಹಮಾಲರು ಹೆಂಗೂ ಬರೂದಿಲ್ಲ. ಪಾಡ್ಯಾದ ದಿನಾನೂ ಬಂದ್ ಇಡತೀನಿ, ಹೋಗ್ರಿ. ಭತ್ತ ಎಲ್ಲಿ ಓಡಿಹೋಗತೈತಿ?” ಎಂದರು.

ಅಮಾವಾಸ್ಯೆಯ ಬೆಳಿಗ್ಗೆ ಗಿರಣಿ ಬಂದ್. ವೋಲ್ಟೇಜಿನ ಮುಳ್ಳು ಅಲುಗದೆ ನಿಂತಿತ್ತು. ರೇಡಾರಿಗೆ ಆಗಷ್ಟೇ ಹೊಸ ವಾಲ್ವ್, ಅಂದರೆ ದೊಡ್ಡ ಬಲ್ಬಿನಂಥ ದುಬಾರಿ ಗಾಜಿನ ಬುರುಡೆ, ಹಾಕಿದ್ದೆವು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ನಮ್ಮ ಸಾಹೇಬರು ಬಂದರು. ಬೆಂಗಳೂರಿನವರು, ವಿದೇಶದಲ್ಲಿ ಓದಿದವರು.

“ಹೊಸ ವಾಲ್ವ್ ಹಾಕಿದೀವಲ್ರೀ. ಅಮಾವಾಸ್ಯೆ ದಿನ ಶುರು ಮಾಡೋದು ಬೇಡ. ಪಾಡ್ಯವೂ ಬೇಡ. ಬಿದಿಗೆ ಒಳ್ಳೇದು.”

“ಸಾಹೇಬ್ರ, ಬಿದಿಗಿಗೆ ಜಗತ್ತಿನ್ಯಾಗ ಎಲ್ಲಾರೂ ಬಂದ್ ಮಾಡಿರತಾರ್ರಿ!”

“ವಾಲ್ವ್ ಸುಟ್ಟುಹೋದ್ರೆ ನೀವು ತಂದುಕೊಡ್ತೀರಾ?” ಎಂದು ಕೋಣೆಗೆ ಬೀಗ ಹಾಕಿ ಹೊರಟೇಬಿಟ್ಟರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಇವರಲ್ಲಿ ಆ ಮುಕ್ಕಾಲನ್ನು ಹುಡುಕಿ ನಾನು ಸೋತೆ.

ಎರಡು ದಿನ ಹಲ್ಲು ಕಡಿಯುತ್ತ ಕೂತೆ. ಬಿದಿಗೆಯ ದಿನ ಸಾಹೇಬರು ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು ಶುರು ಮಾಡಿದರು. ಸೊಗಸಾಗಿ ನಡೆಯಿತು, ಗಿರಣಿ ಹಚ್ಚುವವರೆಗೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಸಾಹೇಬರು ಮೇಲಿನವರಿಗೆ ಹೇಳಿದ್ದೇನು? ಇಲ್ಲಿನ ಜನ ಮೂಢನಂಬಿಕೆಯವರು, ಅಮಾವಾಸ್ಯೆಯ ದಿನ ಯಂತ್ರ ಮುಟ್ಟಗೊಡಲಿಲ್ಲ ಎಂದು! ಮೈಯೆಲ್ಲ ಉರಿದುಹೋಯಿತು. ವಿಚಾರಣೆಗೆ ಬಂದವರ ಮುಂದೆ ಕೂಗಾಡಿದೆ. ಯಂತ್ರ ನಡೆಸುವವನ ಮಾತನ್ನು ಯಾರು ಕೇಳುತ್ತಾರೆ? ಅವರು ಚಹಾ ಕುಡಿದು, ಸಾಹೇಬರ ಕೈ ಕುಲುಕಿ ಹೋದರು.

ಮಳೆಗಾಲಕ್ಕೆ ಮುಂಚೆ ಕೇಂದ್ರವನ್ನು ಕಿತ್ತರು. ಆಂಟೆನಾ ಕಂಬಗಳನ್ನು ಲಾರಿಗೆ ಹೇರಲು ಗಿರಣಿಯ ಹಮಾಲರೇ ಬಂದರು. ಸಾಹುಕಾರರು ನನ್ನನ್ನು ಬದಿಗೆ ಕರೆದರು. ಅವರ ಮುಖ ಸಣ್ಣದಾಗಿತ್ತು.

“ಖರೇ ಹೇಳ್ರಿ, ನಮ್ಮ ಕಡಿಂದ ತಪ್ಪಾತೇನ್ರಿ? ಗಿರಣಿ ಇನ್ನೊಂದು ದಿನ ಬಂದ್ ಇಡಬೇಕಿತ್ತೇನು?”