ಎಮ್ಮೆಲ್ಲೆಗೆ ತಟ್ಟೆ ಸಿಗದ ದಿನ

ಎಪ್ಪತ್ತರ ದಶಕದಲ್ಲಿ ವಡೋದರಾದ ಬ್ಯಾಂಕೊಂದರಲ್ಲಿದ್ದೆ. ಊಟ ಕುಂದಾಪುರದ ಭಟ್ಟರ ಹೋಟೆಲಿನಲ್ಲಿ. ನಮ್ಮ ಎಮ್ಮೆಲ್ಲೆ ಮೋಸದಿಂದ ಗೆದ್ದವರು, ಇಳಿಯಲಿ ಎಂದು ಜನ ತಟ್ಟೆ ಬಡಿಯುತ್ತ ಬೀದಿಗಿಳಿದಿದ್ದರು. ಗೆದ್ದವರು ಗೆದ್ದವರೇ ಎಂದು ಅವರ ಕಡೆಯವರೂ ತಟ್ಟೆ ಹಿಡಿದರು. ಒಂದು ಮಧ್ಯಾಹ್ನ ನೋಡಿದರೆ ಹೋಟೆಲಿನಲ್ಲಿ ಒಂದೂ ತಟ್ಟೆಯಿಲ್ಲ.

“ಎಂತ ಮಾಡುದು ಮಾರಾಯ್ರೆ, ಎರಡೂ ಕಡೆಯವರು ನಮ್ಮ ಗಿರಾಕಿಗಳೇ. ಕೇಳಿದವರಿಗೆಲ್ಲ ಕೊಟ್ಟೆ,” ಎನ್ನುತ್ತ ಭಟ್ಟರು ಮುತ್ತುಗದ ಎಲೆ ಹಾಕಿದರು.

ಅಷ್ಟರಲ್ಲಿ ಹಿಂಬಾಗಿಲಿನಿಂದ ಬಂದು ನನ್ನೆದುರು ಕೂತವರು ಸಾಕ್ಷಾತ್ ಎಮ್ಮೆಲ್ಲೆ! ಅವರಿಗೂ ಎಲೆಯೇ. ಸಾರು ಸೋರಿ ಬಿಳಿ ಜುಬ್ಬಾದ ಮೇಲೆ ಇಳಿಯಿತು.

“ತಟ್ಟೆ ಎಲ್ಲಿ?” ಹಿಂದಿಯಲ್ಲಿ ಗದರಿದರು.

“ನಿಮ್ಮನ್ನು ಇಳಿಸಲಿಕ್ಕೆ ಹೋಗಿವೆ, ಸಾಹೇಬರೇ,” ಎಂದುಬಿಟ್ಟೆ.

ಭಟ್ಟರ ಮುಖ ಬಿಳಿಚಿಕೊಂಡಿತು. ಎಮ್ಮೆಲ್ಲೆ ಮಾತ್ರ ತಣ್ಣಗೆ, “ನನ್ನ ಪರ ಎಷ್ಟು ಹೋಗಿವೆ?” ಎಂದರು.

“ಏಳು,” ಎಂದರು ಭಟ್ಟರು.

“ಏಳೇ? ಬೆಳಿಗ್ಗೆ ನನ್ನ ಒಂಬತ್ತು ಭಾಮೈದಂದಿರನ್ನು ನಾನೇ ಇಲ್ಲಿಗೆ ಕಳಿಸಿದ್ದೆನಲ್ಲ!”

ಉಳಿದ ಇಬ್ಬರು ಯಾವ ಮೆರವಣಿಗೆಯಲ್ಲಿದ್ದಾರೆಂದು ಹೇಳುವ ಬದಲು ಭಟ್ಟರು ಅವರ ಎಲೆಗೆ ಮೊಸರನ್ನ ಬಡಿಸಿದರು. ಇಡೀ ಊರಿನ ಗದ್ದಲಕ್ಕೆ ಜಗ್ಗದ ಮನುಷ್ಯ ಮೊಸರನ್ನವನ್ನೂ ಮುಟ್ಟದೆ ಎದ್ದರು. ರಾಜೀನಾಮೆ ಕೊಟ್ಟರೋ ಇಲ್ಲವೋ ನೆನಪಿಲ್ಲ. ಅಂದು ಮಾತ್ರ ನೆಟ್ಟಗೆ ಮಾವನ ಮನೆಗೇ ಹೋಗಿರಬೇಕು.